ಗ್ರಾಫೀನ್ ಹಾಳೆಯ ಮೇಲೆ ಪ್ಲಾಟಿನಂ ಕಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಮೆಥನಾಲ್ ಇಂಧನ ಕೋಶಗಳ ಬಗ್ಗೆ, ಅದರಲ್ಲೂ ಗ್ರಾಫೀನ್ ಹಾಳೆಯ (ಒಂದೇ ಪರಮಾಣು ದಪ್ಪದ ಇಂಗಾಲದ ಪದರದ) ಮೇಲೆ ಲೋಹದ ಕಣಗಳನ್ನು ಕೂರಿಸಿ ವೇಗವರ್ಧಕ ತಯಾರಿಸುವ ಪ್ರಯತ್ನಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಬಾರಿ ಎತ್ತಿಕೊಂಡಿದ್ದೇವೆ. ಒಂದೇ ಧಾಟಿಯ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಮೆಥನಾಲನ್ನು ಉರಿಸದೆಯೇ ಅದರಿಂದ ವಿದ್ಯುತ್ ಪಡೆಯಬಹುದು ಎಂದರೆ ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ. ಲೆಕ್ಕ ಹಾಕಿ ತೋರಿಸಲು ಸಾಧ್ಯವೇ? (ರಸಾಯನಶಾಸ್ತ್ರದ ಉಪನ್ಯಾಸಕರೊಬ್ಬರು)

ಉತ್ತರ: ಸಾಧ್ಯ, ಲೆಕ್ಕವೂ ಸುಲಭ. ಮೆಥನಾಲ್ ಉರಿಯುವಾಗ ಅದರ ಎಲೆಕ್ಟ್ರಾನುಗಳು ಆಕ್ಸಿಜನ್ನಿಗೆ ನೇರವಾಗಿ ದಾಟಿಬಿಡುವುದರಿಂದ ನಮಗೆ ಸಿಗುವುದು ಶಾಖ ಮಾತ್ರ. ಇಂಧನ ಕೋಶದಲ್ಲಿ ಇದೇ ವಹಿವಾಟನ್ನು ಎರಡು ಕೋಣೆಗಳಿಗೆ ಹಂಚಿ, ನಡುವೆ ಪ್ರೋಟಾನುಗಳನ್ನಷ್ಟೇ ಬಿಡುವ ಪೊರೆಯೊಂದನ್ನು ನಿಲ್ಲಿಸಲಾಗುತ್ತದೆ. ಆನೋಡಿನಲ್ಲಿ ಒಂದು ಮೆಥನಾಲ್ ಅಣು ಒಂದು ನೀರಿನ ಅಣುವಿನೊಡನೆ ಕೂಡಿ ಇಂಗಾಲದ ಡೈಆಕ್ಸೈಡ್, ಆರು ಪ್ರೋಟಾನು ಮತ್ತು ಆರು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಪ್ರೋಟಾನುಗಳು ಪೊರೆಯ ಮೂಲಕ ಹೋದರೆ ಎಲೆಕ್ಟ್ರಾನುಗಳು ಹೊರಗಿನ ತಂತಿಯ ಸುತ್ತುದಾರಿ ಹಿಡಿಯಬೇಕಾಗುತ್ತದೆ, ಮತ್ತು ಆ ಸುತ್ತುದಾರಿಯಲ್ಲಿಯೇ ನಾವು ಅವುಗಳಿಂದ ಕೆಲಸ ಮಾಡಿಸಿಕೊಳ್ಳುತ್ತೇವೆ. ಪ್ರೋಟಾನು, ಎಲೆಕ್ಟ್ರಾನುಗಳೆರಡೂ ಕೊನೆಗೆ ಕ್ಯಾಥೋಡಿನಲ್ಲಿ ಆಕ್ಸಿಜನ್ನಿನೊಡನೆ ಸೇರಿ ನೀರಾಗುತ್ತವೆ.

ಇನ್ನು ಲೆಕ್ಕ. ಒಂದು ಮೋಲ್ ಮೆಥನಾಲ್ ಎಂದರೆ 32 ಗ್ರಾಂ. ಆರು ಮೋಲ್ ಎಲೆಕ್ಟ್ರಾನುಗಳ ಆವೇಶ ಸುಮಾರು 5,79,000 ಕೂಲಂಬ್, ಅಂದರೆ 161 ಆಂಪಿಯರ್-ಗಂಟೆ. ಹಾಗಾಗಿ ಒಂದು ಗ್ರಾಂ ಮೆಥನಾಲ್ ಸುಮಾರು 5 ಆಂಪಿಯರ್-ಗಂಟೆ ಕೊಡಬಲ್ಲದು. ಕೋಶದ ಸೈದ್ಧಾಂತಿಕ ವೋಲ್ಟೇಜ್ 1.21 ಆಗಿರುವುದರಿಂದ ಗ್ರಾಂಗೆ 6 ವಾಟ್-ಗಂಟೆ ಸಿಗಬೇಕು. ವಾಸ್ತವದಲ್ಲಿ ವಿದ್ಯುತ್ ಹರಿಯುತ್ತಿರುವಾಗ ಕೋಶದ ವೋಲ್ಟೇಜ್ 0.3ರಿಂದ 0.5ರ ಆಸುಪಾಸಿಗೆ ಇಳಿಯುವುದರಿಂದ ಕೈಗೆ ಬರುವುದು ಅದರ ಸುಮಾರು ಮೂರರಲ್ಲಿ ಒಂದು ಭಾಗ, ಅಂದರೆ 2 ವಾಟ್-ಗಂಟೆಯ ಆಸುಪಾಸು. ಉತ್ತಮ ಲಿಥಿಯಂ ಅಯಾನ್ ಬ್ಯಾಟರಿಯೊಂದು ಗ್ರಾಂಗೆ ಕಾಲು ವಾಟ್-ಗಂಟೆಯಷ್ಟು ಹಿಡಿದಿಡುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ದ್ರವದ ಮೇಲೆ ಸಂಶೋಧಕರಿಗಿರುವ ಮೋಹ ಅರ್ಥವಾಗುತ್ತದೆ. ಆದರೆ ಈ ಹೋಲಿಕೆಯಲ್ಲಿ ಟ್ಯಾಂಕು, ಪಂಪು ಮತ್ತು ಕೋಶದ ಸ್ವಂತ ತೂಕವನ್ನು ಸೇರಿಸಿಲ್ಲ ಎಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಿರಿ. 2009ರಲ್ಲಿ ತೋಷಿಬಾ ಕಂಪನಿ ಡೈನಾರಿಯೊ ಎಂಬ ಹೆಸರಿನಲ್ಲಿ ಮೆಥನಾಲ್ ತುಂಬಿಸಿ ಫೋನ್ ಚಾರ್ಜ್ ಮಾಡುವ ಉಪಕರಣವನ್ನು 3,000 ಮಾತ್ರ ತಯಾರಿಸಿ ಜಪಾನಿನಲ್ಲಿ ಮಾರಾಟಕ್ಕಿಟ್ಟಿತ್ತು. ಅದು ಮನೆಮಾತಾಗಲಿಲ್ಲ.

ತರಗತಿಯಲ್ಲಿ ಪ್ರಾತ್ಯಕ್ಷಿಕೆ ಮಾಡುವುದಾದರೆ ಒಂದು ಎಚ್ಚರಿಕೆ: ಮೆಥನಾಲ್ ಕುಡಿದರೆ ಕುರುಡುತನ ಮತ್ತು ಸಾವು ತರುವ ವಿಷ, ಚರ್ಮದ ಮೂಲಕವೂ ಒಳಸೇರುತ್ತದೆ, ಮತ್ತು ಅದರ ಜ್ವಾಲೆ ಹಗಲಿನ ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ.

ಪ್ರಶ್ನೆ: ಅಷ್ಟು ದುಬಾರಿಯಾದ ಪ್ಲಾಟಿನಂ ಬಳಸಿಯೂ ಅದರ ಜೊತೆಗೆ ರುಥೇನಿಯಂ ಏಕೆ ಬೆರೆಸಬೇಕು? (ಪದವಿ ವಿದ್ಯಾರ್ಥಿನಿ)

ಉತ್ತರ: ಪ್ಲಾಟಿನಂ ಮೆಥನಾಲಿನ ಹೈಡ್ರೋಜನ್ನುಗಳನ್ನು ಒಂದೊಂದಾಗಿ ಕಿತ್ತುಹಾಕುವುದರಲ್ಲಿ ನಿಸ್ಸೀಮ. ತೊಂದರೆ ಶುರುವಾಗುವುದು ಆಮೇಲೆ. ಎಲ್ಲ ಹೈಡ್ರೋಜನ್ನುಗಳೂ ಹೋದ ಮೇಲೆ ಉಳಿಯುವ ಕಾರ್ಬನ್ ಮೊನಾಕ್ಸೈಡ್ ಪ್ಲಾಟಿನಂ ಪರಮಾಣುವಿಗೆ ಬಿಗಿಯಾಗಿ ಅಂಟಿಕೊಂಡು, ಮುಂದಿನ ಮೆಥನಾಲ್ ಅಣುವಿಗೆ ಜಾಗವೇ ಇಲ್ಲದಂತೆ ಮಾಡುತ್ತದೆ. ಆನೋಡಿಗೆ ಇದೇ ಮಗ್ಗುಲ ಮುಳ್ಳು. ಈ ಮೊನಾಕ್ಸೈಡನ್ನು ಡೈಆಕ್ಸೈಡ್ ಆಗಿಸಿ ಕಳುಹಿಸಬೇಕಾದರೆ ಪಕ್ಕದಲ್ಲಿ ಒಂದು ಆಕ್ಸಿಜನ್ ಬೇಕು, ಅದು ಬರಬೇಕಾದುದು ನೀರಿನಿಂದ. ಪ್ಲಾಟಿನಂ ನೀರನ್ನು ಒಡೆದು ಹೈಡ್ರಾಕ್ಸಿಲ್ ಗುಂಪನ್ನು ಹಿಡಿದುಕೊಳ್ಳಲು ಹೆಚ್ಚಿನ ವಿಭವ ಕೇಳುತ್ತದೆ. ರುಥೇನಿಯಂ ಅದೇ ಕೆಲಸವನ್ನು ಬಹಳ ಕಡಿಮೆ ವಿಭವದಲ್ಲಿಯೇ ಮಾಡಿಕೊಡುತ್ತದೆ. ಒಂದು ಲೋಹ ಮೆಥನಾಲನ್ನು ನೋಡಿಕೊಂಡರೆ ಇನ್ನೊಂದು ನೀರನ್ನು ನೋಡಿಕೊಳ್ಳುವ ಈ ದ್ವಿಕಾರ್ಯ ವಿವರಣೆಯನ್ನು ವಾಟನಾಬೆ ಮತ್ತು ಮೋಟೂ ಎಂಬ ಜಪಾನೀ ವಿಜ್ಞಾನಿಗಳು 1975ರಲ್ಲಿ ಮುಂದಿಟ್ಟರು. ಇದಲ್ಲದೆ ರುಥೇನಿಯಂ ನೆರೆಯಲ್ಲಿದ್ದಾಗ ಪ್ಲಾಟಿನಮ್ಮಿನ ಎಲೆಕ್ಟ್ರಾನಿಕ್ ಸ್ಥಿತಿಯೂ ತುಸು ಬದಲಾಗಿ ಮೊನಾಕ್ಸೈಡಿನ ಹಿಡಿತ ಸಡಿಲವಾಗುತ್ತದೆ.

ಪ್ರಶ್ನೆ: ಗ್ರಾಫೀನಿನ ಮೇಲ್ಮೈ ಗ್ರಾಂಗೆ 2,630 ಚದರ ಮೀಟರ್ ಎಂದು ಓದಿ, ಸಾಮಾನ್ಯ ಕಾರ್ಬನ್ ಮಸಿಯ ಬದಲು ಅದರ ಮೇಲೆ ಪ್ಲಾಟಿನಂ-ರುಥೇನಿಯಂ ಕೂರಿಸಿದೆ. ಸಣ್ಣ ವಿದ್ಯುದ್ವಾರದಲ್ಲಿ ಫಲಿತಾಂಶ ಚೆನ್ನಾಗಿತ್ತು, ಆದರೆ ನಿಜವಾದ ಕೋಶದಲ್ಲಿ ಅದು ಮಸಿಗಿಂತ ಹಿಂದೆ ಬಿತ್ತು. ಎಲ್ಲಿ ಎಡವಿರಬಹುದು? (ಸಂಶೋಧನಾ ವಿದ್ಯಾರ್ಥಿ)

ಉತ್ತರ: ನೀವು ಎಡವಿದ ಜಾಗದಲ್ಲಿ ಬಹಳಷ್ಟು ಮಂದಿ ಎಡವಿದ್ದಾರೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

2,630 ಎಂಬುದು ಒಂಟಿ ಹಾಳೆಯ ಎರಡೂ ಬದಿಗಳನ್ನು ಲೆಕ್ಕಕ್ಕೆ ಹಿಡಿದು ಬಂದ ಸಂಖ್ಯೆ. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೀಮ್ ಮತ್ತು ನೊವೊಸೆಲೊವ್ ಅಂಟುಪಟ್ಟಿಯಿಂದ ಎಬ್ಬಿಸಿ ತೆಗೆದದ್ದು ಅಂಥ ಹಾಳೆ. ನಿಮ್ಮ ಬೀಕರಿನಲ್ಲಿರುವುದು ಬಹುಮಟ್ಟಿಗೆ ಅದಲ್ಲ. ಅದು ಗ್ರಾಫೈಟನ್ನು ಉತ್ಕರ್ಷಿಸಿ, ನೀರಿನಲ್ಲಿ ಬಿಡಿಸಿ, ಮತ್ತೆ ಅಪಕರ್ಷಿಸಿದ ಗ್ರಾಫೀನ್ ಆಕ್ಸೈಡ್. 1958ರಲ್ಲಿ ಹಮ್ಮರ್ಸ್ ಮತ್ತು ಆಫ್‌ಮನ್ ಪ್ರಕಟಿಸಿದ ವಿಧಾನದ ಯಾವುದಾದರೊಂದು ರೂಪಾಂತರವನ್ನು ನೀವೂ ಅನುಸರಿಸಿರುತ್ತೀರಿ. ಗಂಧಕಾಮ್ಲದಲ್ಲಿ ಗ್ರಾಫೈಟ್ ಪುಡಿಯನ್ನು ಕಲಕುತ್ತ, ಮಂಜುಗಡ್ಡೆಯ ತೊಟ್ಟಿಯಲ್ಲಿಟ್ಟು ಪೊಟ್ಯಾಸಿಯಂ ಪರ್ಮಾಂಗನೇಟನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸುವಾಗ ಮಿಶ್ರಣ ಕಡುಹಸಿರಾಗುತ್ತದೆ. ಇಲ್ಲಿ ಅವಸರ ಮಾಡಿ ಉಷ್ಣತೆ ಏರಲು ಬಿಟ್ಟರೆ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಸಿಡಿಯುವ ಅಪಾಯವಿದೆ. ಆಮೇಲೆ ಮಿಶ್ರಣ ಕಲಕುದಂಡವನ್ನೇ ನಿಲ್ಲಿಸುವಷ್ಟು ಗಟ್ಟಿಯಾದ ಮುದ್ದೆಯಾಗುತ್ತದೆ, ನೀರು ಬಿದ್ದಾಗ ಬಿಸಿಯಾಗಿ ಕುದಿಯುತ್ತದೆ, ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದೊಡನೆ ನೊರೆಯೆದ್ದು ಹೊಂಬಣ್ಣಕ್ಕೆ ತಿರುಗುತ್ತದೆ. ಆ ಹೊಂಬಣ್ಣ ಕಂಡ ಸಂತೋಷದಲ್ಲಿ ಹಲವರು ತೊಳೆಯುವ ಕೆಲಸವನ್ನು ಅರ್ಧಕ್ಕೇ ಬಿಡುತ್ತಾರೆ. ಆಮ್ಲ ಹೋದಂತೆಲ್ಲ ಆಕ್ಸೈಡ್ ನೀರು ಹೀರಿ ಲೋಳೆಯಂತಾಗುವುದರಿಂದ ತೊಳೆಯುವುದು ದಿನಗಟ್ಟಲೆ ಹಿಡಿಯುವ, ತಾಳ್ಮೆ ಕೆಡಿಸುವ ಕೆಲಸ ನಿಜ. ಆದರೆ ಉಳಿದ ಮ್ಯಾಂಗನೀಸ್ ಮತ್ತು ಕ್ಲೋರೈಡ್ ಮುಂದೆ ನಿಮ್ಮ ಅಳತೆಗಳಲ್ಲೆಲ್ಲ ತಲೆಹಾಕುತ್ತವೆ. ಕ್ಲೋರೈಡಂತೂ ಪ್ಲಾಟಿನಮ್ಮಿನ ಮೇಲ್ಮೈಯನ್ನೇ ಆಕ್ರಮಿಸಿಕೊಳ್ಳುತ್ತದೆ.

ಎರಡನೆಯ ಮಾತು ಹಾಳೆಗಳ ಸ್ವಭಾವದ್ದು. ಆಕ್ಸೈಡ್ ರೂಪದಲ್ಲಿ ಅವು ನೀರಿನಲ್ಲಿ ಕಂದುಬಣ್ಣದ ದ್ರಾವಣದಂತೆ ಹರಡಿಕೊಂಡಿರುತ್ತವೆ. ಎಥಿಲೀನ್ ಗ್ಲೈಕಾಲಿನಲ್ಲಿ ಕ್ಲೋರೋಪ್ಲಾಟಿನಿಕ್ ಆಮ್ಲದೊಡನೆ ಕಾಯಿಸಿದಾಗ ಲೋಹವೂ ಹಾಳೆಯೂ ಒಟ್ಟಿಗೇ ಅಪಕರ್ಷಣಗೊಳ್ಳುತ್ತವೆ, ಮತ್ತು ದ್ರಾವಣದ ಕ್ಷಾರೀಯತೆಯನ್ನು ಹದವಾಗಿಟ್ಟರೆ 2ರಿಂದ 5 ನ್ಯಾನೋಮೀಟರಿನ ಕಣಗಳು ಸಿಗುತ್ತವೆ. ಆದರೆ ಆಕ್ಸಿಜನ್ ಕಳೆದುಕೊಂಡ ಹಾಳೆಗಳು ನೀರನ್ನು ದೂರವಿಟ್ಟು ಒಂದರ ಮೇಲೊಂದು ಮಲಗಿಬಿಡುತ್ತವೆ. ಗ್ರಾಫೈಟಿನಲ್ಲಿ ಪದರಗಳ ಅಂತರ 0.335 ನ್ಯಾನೋಮೀಟರ್, ಪೂರ್ತಿ ಆ ಸ್ಥಿತಿಗೆ ಮರಳದಿದ್ದರೂ, ಒಲೆಯಲ್ಲಿ ಒಣಗಿಸಿದ ಪುಡಿಯ ಮೇಲ್ಮೈ ಗ್ರಾಂಗೆ ಕೆಲವು ನೂರು ಚದರ ಮೀಟರಿಗೆ ಇಳಿದಿರುತ್ತದೆ. ಸಾಮಾನ್ಯವಾಗಿ ಬಳಸುವ ವಲ್ಕನ್ ಮಸಿಯ ಮೇಲ್ಮೈ 250ರ ಸುಮಾರು. ಹತ್ತು ಪಟ್ಟು ಎಂದುಕೊಂಡದ್ದು ಎರಡು ಪಟ್ಟಿಗೆ ಬಂದು ನಿಂತಿತು, ಅದರಲ್ಲೂ ಒಳಪದರಗಳ ನಡುವೆ ಸಿಕ್ಕಿಕೊಂಡ ಲೋಹದ ಕಣಗಳು ಇದ್ದೂ ಇಲ್ಲದಂತೆ.

ಮೂರನೆಯದು ಹಾಗೂ ನಿಮ್ಮ ಪ್ರಶ್ನೆಗೆ ನೇರ ಉತ್ತರ, ಪದರದ ದಪ್ಪ. ಸಣ್ಣ ವಿದ್ಯುದ್ವಾರವಾಗಿ ಬಳಸುವ 3 ಮಿಲಿಮೀಟರ್ ವ್ಯಾಸದ ಗಾಜಿನಂಥ ಕಾರ್ಬನ್ ಬಿಲ್ಲೆಯ ವಿಸ್ತೀರ್ಣ 0.07 ಚದರ ಸೆಂಟಿಮೀಟರ್. ಮಿಲಿಲೀಟರಿಗೆ 1 ಮಿಲಿಗ್ರಾಂ ವೇಗವರ್ಧಕವಿರುವ ಶಾಯಿಯ 5 ಮೈಕ್ರೋಲೀಟರ್ ಹನಿಯನ್ನು ಅದರ ಮೇಲಿಟ್ಟರೆ, ಲೋಹದ ಪಾಲು ನೂರಕ್ಕೆ 20 ಎಂದುಕೊಂಡರೂ, ಚದರ ಸೆಂಟಿಮೀಟರಿಗೆ ಬೀಳುವ ಲೋಹ ಸುಮಾರು 14 ಮೈಕ್ರೋಗ್ರಾಂ ಮಾತ್ರ. ಕೋಶದ ಆನೋಡಿನಲ್ಲಿ ಅದೇ ಜಾಗಕ್ಕೆ 2ರಿಂದ 4 ಮಿಲಿಗ್ರಾಂ ಹಾಕುತ್ತೇವೆ. ನೂರೈವತ್ತರಿಂದ ಮುನ್ನೂರು ಪಟ್ಟು ದಪ್ಪವಾದ ಆ ರಾಶಿಯಲ್ಲಿ, ಗುಂಡಗಿನ ಮಸಿಕಣಗಳ ನಡುವೆ ಸಹಜವಾಗಿಯೇ ಸಂದುಗಳಿರುತ್ತವೆ. ಚಪ್ಪಟೆ ಹಾಳೆಗಳಾದರೋ ಮರದ ತರಗೆಲೆಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡ ಹಾಗೆ ಸಾಲಾಗಿ ಮಲಗುತ್ತವೆ. ಮೆಥನಾಲ್ ಒಳಗೆ ಹೋಗಲು ಪ್ರತಿ ಹಾಳೆಯನ್ನೂ ಬಳಸಿ ಹೋಗಬೇಕು, ಇಂಗಾಲದ ಡೈಆಕ್ಸೈಡಿನ ಗುಳ್ಳೆ ಹೊರಬರಲೂ ಹಾಗೆಯೇ. ಪ್ರೋಟಾನುಗಳಿಗೆ ದಾರಿಯಾಗಬೇಕಾದ ನಾಫಿಯಾನ್ ಎಂಬ ಪಾಲಿಮರು ರಾಶಿಯ ಒಳಗಿನ ಕಣಗಳವರೆಗೆ ತಲುಪುವುದೇ ಇಲ್ಲ. ಒಂದು ಹನಿಯ ತೆಳುಪದರದಲ್ಲಿ ಇದಾವುದೂ ಕಾಣಿಸಿಕೊಳ್ಳುವುದಿಲ್ಲ.

ಪರಿಹಾರಗಳಿಲ್ಲವೆಂದಲ್ಲ. ಗ್ರಾಫೀನಿನೊಡನೆ ಸ್ವಲ್ಪ ಮಸಿಯನ್ನೋ ಕಾರ್ಬನ್ ನಳಿಕೆಗಳನ್ನೋ ಬೆರೆಸಿ ಹಾಳೆಗಳ ನಡುವೆ ಆಪು ಕೊಡುವುದು ಎಲ್ಲಕ್ಕಿಂತ ಸರಳ, ನನ್ನ ಮಟ್ಟಿಗೆ ಮೊದಲು ಮಾಡಬೇಕಾದುದೂ ಅದೇ. ಒಲೆಯ ಬದಲು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವುದು, ಹಾಳೆಗಳಲ್ಲೇ ರಂಧ್ರ ಕೊರೆಯುವುದು, ಸ್ಪಂಜಿನಂಥ ಮೂರು ಆಯಾಮದ ಏರೋಜೆಲ್ ಮಾಡುವುದು ಉಳಿದ ದಾರಿಗಳು. ಕೊನೆಯದು ಚಿತ್ರದಲ್ಲಿ ಬಹಳ ಸೊಗಸಾಗಿ ಕಾಣುತ್ತದೆ, ಆದರೆ ಕೋಶವನ್ನು ಬಿಗಿಯಾಗಿ ಒತ್ತಿ ಜೋಡಿಸುವಾಗ ಆ ಸ್ಪಂಜಿನ ಗತಿ ಏನಾಯಿತೆಂದು ನೋಡಿಕೊಳ್ಳಬೇಕು.

ಪ್ರಶ್ನೆ: ಹಾಗಾದರೆ ಗ್ರಾಫೀನಿನಲ್ಲಿ ದೋಷಗಳು ಇರಬೇಕೋ, ಇರಬಾರದೋ? ಅದಕ್ಕೆ ನೈಟ್ರೋಜನ್ ಸೇರಿಸುವುದು ಯಾತಕ್ಕೆ? (ಸ್ನಾತಕೋತ್ತರ ವಿದ್ಯಾರ್ಥಿನಿ)

ಉತ್ತರ: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಪರಿಸ್ಥಿತಿ ಇದು. ದೋಷವೇ ಇಲ್ಲದ ಹಾಳೆ ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ, ಆದರೆ ಅದರ ಮೇಲೆ ಪ್ಲಾಟಿನಂ ಕಣಕ್ಕೆ ಕಾಲೂರಲು ಜಾಗವಿಲ್ಲದೆ ಕಣಗಳು ಜಾರಿ ಜಾರಿ ಒಂದಾಗಿ ದಪ್ಪವಾಗುತ್ತವೆ. 3 ನ್ಯಾನೋಮೀಟರ್ ವ್ಯಾಸದ ಪ್ಲಾಟಿನಂ ಕಣಗಳು ಗ್ರಾಂಗೆ 93 ಚದರ ಮೀಟರ್ ಮೇಲ್ಮೈ ಕೊಡುತ್ತವೆ. ಅವೇ ಕೂಡಿ 6 ನ್ಯಾನೋಮೀಟರ್ ಆದರೆ ಅದು ಅರ್ಧಕ್ಕೆ ಇಳಿಯುತ್ತದೆ, ಅಷ್ಟು ಪ್ಲಾಟಿನಂ ವ್ಯರ್ಥವಾದಂತೆಯೇ. ಆಕ್ಸಿಜನ್ ಗುಂಪುಗಳೂ ಪರಮಾಣು ಕಳೆದುಹೋದ ಹಳ್ಳಗಳೂ ಕಣವನ್ನು ಹಿಡಿದಿಡುತ್ತವೆ, ಆದರೆ ವಾಹಕತೆಯನ್ನು ಕೆಡಿಸುತ್ತವೆ, ಜೊತೆಗೆ ಹಾಳೆ ಸವೆಯಲು ಶುರುವಾಗುವುದೂ ಅಲ್ಲಿಂದಲೇ. ನೈಟ್ರೋಜನ್ ಒಂದು ನಡುದಾರಿ. ಇಂಗಾಲದ ಜಾಗದಲ್ಲಿ ಕುಳಿತ ಈ ಪರಮಾಣು ಹಾಳೆಯ ವಾಹಕತೆಯನ್ನು ಅಷ್ಟಾಗಿ ಮುರಿಯದೆಯೇ ಲೋಹಕ್ಕೆ ಆಸರೆಯಾಗುತ್ತದೆ. ಅದರಲ್ಲೂ ಅಂಚಿನಲ್ಲಿರುವ ಪಿರಿಡಿನ್ ಬಗೆಯ (ಎರಡೇ ಇಂಗಾಲಗಳಿಗೆ ಅಂಟಿದ) ನೈಟ್ರೋಜನ್, ತನ್ನಲ್ಲಿರುವ ಒಂಟಿ ಎಲೆಕ್ಟ್ರಾನ್ ಜೋಡಿಯಿಂದಾಗಿ, ಈ ಕೆಲಸಕ್ಕೆ ಹೆಚ್ಚು ಅನುಕೂಲ. ಬೋರಾನ್, ಗಂಧಕಗಳನ್ನೂ ಸೇರಿಸಿ ನೋಡಿದವರಿದ್ದಾರೆ. ಆದರೆ ಆಮ್ಲೀಯ ಕೋಶದಲ್ಲಿ ಮೆಥನಾಲನ್ನು ಮುರಿಯುವ ಕೆಲಸ ಲೋಹದ್ದೇ; ಹಾಳೆ ಅದಕ್ಕೆ ಮನೆ ಕೊಡುತ್ತದೆ, ನೆರೆಹೊರೆ ಕೊಡುತ್ತದೆ, ಅಷ್ಟೆ.

ಪ್ರಶ್ನೆ: ಕ್ಷಾರ ದ್ರಾವಣದಲ್ಲಿ ಗ್ರಾಫೀನ್ ಮೇಲಿನ ನಿಕಲ್, ಪ್ಲಾಟಿನಮ್ಮಿಗಿಂತ ಹೆಚ್ಚು ವಿದ್ಯುತ್ ಪ್ರವಾಹ ಕೊಡುತ್ತದೆ ಎಂದು ಅನೇಕ ಲೇಖನಗಳು ಹೇಳುತ್ತವೆ. ಇಷ್ಟು ಅಗ್ಗದ ಲೋಹವಿರುವಾಗ ಪ್ಲಾಟಿನಮ್ಮಿಗೆ ಏಕೆ ಜೋತುಬೀಳಬೇಕು? (ಸಂಶೋಧನಾ ವಿದ್ಯಾರ್ಥಿನಿ)

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞತೆ ಹೇಳಬೇಕು, ಏಕೆಂದರೆ ಇಂಥ ಲೇಖನಗಳಲ್ಲಿ ಅನೇಕವು ಮೊದಲ ಸಾಲಿನಲ್ಲಿ ಇಂಧನ ಕೋಶದ ಹೆಸರು ಹೇಳಿ, ಕೊನೆಯವರೆಗೂ ಇಂಧನ ಕೋಶಕ್ಕೆ ಆಗಿಬರದ ವಸ್ತುವನ್ನೇ ವರ್ಣಿಸುತ್ತವೆ.

ಆ ಲೇಖನಗಳಲ್ಲಿನ ರೇಖಾಚಿತ್ರದ ಅಡ್ಡರೇಖೆಯನ್ನು ಗಮನಿಸಿ. ಪಾದರಸ ಮತ್ತು ಪಾದರಸದ ಆಕ್ಸೈಡಿನ ಉಲ್ಲೇಖ ವಿದ್ಯುದ್ವಾರಕ್ಕೆ ಹೋಲಿಸಿ 0.45 ವೋಲ್ಟಿನ ಸುಮಾರಿಗೆ ಪ್ರವಾಹ ಏರತೊಡಗುತ್ತದೆ ಎಂದಿರುತ್ತದೆ. ನೋಡಲು ಸಣ್ಣ ಸಂಖ್ಯೆ. ಆದರೆ ಒಂದು ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಅದನ್ನು ಹೈಡ್ರೋಜನ್ ಮಾಪಕಕ್ಕೆ (ಅದೇ ದ್ರಾವಣದಲ್ಲಿನ ಹೈಡ್ರೋಜನ್ ವಿದ್ಯುದ್ವಾರವನ್ನು ಸೊನ್ನೆ ಎಂದು ಹಿಡಿದ ಅಳತೆಗೆ) ಬದಲಿಸಿಕೊಳ್ಳಬೇಕಾದರೆ ಸುಮಾರು 0.92 ಕೂಡಿಸಬೇಕು. ಬರುವ ಮೊತ್ತ 1.37 ವೋಲ್ಟ್. ನಿಕಲ್ ಹೈಡ್ರಾಕ್ಸೈಡ್ ನಿಕಲ್ ಆಕ್ಸಿಹೈಡ್ರಾಕ್ಸೈಡ್ ಆಗಿ ಬದಲಾಗುವುದೂ ಅಲ್ಲಿಯೇ, ಮತ್ತು ಮೆಥನಾಲನ್ನು ಉತ್ಕರ್ಷಿಸುವುದು ಆ ಎರಡನೆಯ ರೂಪವೇ ಆದ್ದರಿಂದ ಇದು ಕಾಕತಾಳೀಯವಲ್ಲ. ಇತ್ತ ಕ್ಯಾಥೋಡಿನಲ್ಲಿ ಆಕ್ಸಿಜನ್ ಕೊಡಬಲ್ಲ ವಿಭವ, ಸೈದ್ಧಾಂತಿಕವಾಗಿ ಕೂಡ, 1.23 ವೋಲ್ಟಿಗಿಂತ ಮೇಲಿಲ್ಲ. ಕೋಶದ ವೋಲ್ಟೇಜ್ ಎಂದರೆ ಕ್ಯಾಥೋಡಿನ ವಿಭವದಲ್ಲಿ ಆನೋಡಿನದನ್ನು ಕಳೆದದ್ದು. 1.23ರಲ್ಲಿ 1.37 ಕಳೆಯಿರಿ. ಉತ್ತರ ಋಣಾತ್ಮಕ, ಅಂದರೆ ಆ ಕೋಶ ವಿದ್ಯುತ್ ಕೊಡುವುದಿಲ್ಲ, ಅದಕ್ಕೇ ನಾವು ವಿದ್ಯುತ್ ಕೊಡಬೇಕಾಗುತ್ತದೆ. ಮೇಲಾಗಿ ನಿಕಲ್ ಮೇಲೆ ಮೆಥನಾಲ್ ಬಹಳಷ್ಟು ಸಲ ಫಾರ್ಮೇಟಿನಲ್ಲಿಯೇ ನಿಂತುಬಿಡುವುದರಿಂದ ಆರು ಎಲೆಕ್ಟ್ರಾನುಗಳ ಬದಲು ನಾಲ್ಕೇ ಸಿಗುತ್ತವೆ.

ಇದರಿಂದ ನಿಕಲ್-ಗ್ರಾಫೀನ್ ಕೆಲಸಕ್ಕೆ ಬಾರದ್ದು ಎಂದಾಗುವುದಿಲ್ಲ. ಹೊರಗಿನ ವಿದ್ಯುತ್ತಿನಿಂದ ಹೈಡ್ರೋಜನ್ ತಯಾರಿಸುವ ವಿದ್ಯುದ್ವಿಭಜನೆಯಲ್ಲಿ ಆಕ್ಸಿಜನ್ ಬಿಡಿಸುವ ಬದಲು ಮೆಥನಾಲನ್ನು ಉತ್ಕರ್ಷಿಸಿದರೆ ಖರ್ಚಾಗುವ ವೋಲ್ಟೇಜ್ ಉಳಿಯುತ್ತದೆ, ಅಲ್ಲಿ ನಿಕಲ್ಲಿಗೆ ನ್ಯಾಯವಾದ ಸ್ಥಾನವಿದೆ. ಕ್ಷಾರದಲ್ಲಿ ಕೋಶವನ್ನೇ ಕಟ್ಟಬೇಕೆಂದಿದ್ದರೆ ಪಲ್ಲಾಡಿಯಂ ಕಡೆ ನೋಡಿರಿ. ಆಗಲೂ ಹುಟ್ಟುವ ಇಂಗಾಲದ ಡೈಆಕ್ಸೈಡ್ ಕ್ಷಾರವನ್ನು ತಿಂದು ಕಾರ್ಬೊನೇಟ್ ಆಗುವ ಕಾಟ ತಪ್ಪುವುದಿಲ್ಲ. ಇನ್ನೊಂದು ಕಿವಿಮಾತು: ಪ್ಲಾಟಿನಂ ಇಲ್ಲದ ವೇಗವರ್ಧಕವನ್ನು ಅಳೆಯುವಾಗ ಎದುರು ವಿದ್ಯುದ್ವಾರವಾಗಿ ಪ್ಲಾಟಿನಂ ತಂತಿ ಬಳಸಬೇಡಿ. ಅದು ಕರಗಿ, ಕಣ್ಣಿಗೆ ಕಾಣದ ಪ್ರಮಾಣದಲ್ಲಿ ನಿಮ್ಮ ವಿದ್ಯುದ್ವಾರದ ಮೇಲೆ ಕೂತು, ನಿಮ್ಮ ವಸ್ತುವಿಗೆ ಸಲ್ಲದ ಕೀರ್ತಿ ತಂದುಕೊಡಬಹುದು. ಗ್ರಾಫೈಟ್ ಕಡ್ಡಿ ಸಾಕು.

ಪ್ರಶ್ನೆ: ಮುಮ್ಮುಖ ಮತ್ತು ಹಿಮ್ಮುಖ ಶಿಖರಗಳ ಅನುಪಾತ ಹೆಚ್ಚಿದ್ದರೆ ವೇಗವರ್ಧಕ ಮೊನಾಕ್ಸೈಡನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ ಎಂದು ಬರೆಯಬಹುದೇ? (ಸಂಶೋಧನಾ ವಿದ್ಯಾರ್ಥಿ)

ಉತ್ತರ: ಬರೆಯದಿರುವುದೇ ಲೇಸು. ವಿದ್ಯುದ್ವಾರದ ವಿಭವವನ್ನು ಏರಿಸಿ ಮತ್ತೆ ಇಳಿಸುತ್ತ ಪ್ರವಾಹ ಅಳೆದಾಗ ಏರಿಕೆಯಲ್ಲಿ ಕಾಣುವುದು ಮುಮ್ಮುಖ ಶಿಖರ, ಇಳಿಕೆಯಲ್ಲಿ ಕಾಣುವುದು ಹಿಮ್ಮುಖ ಶಿಖರ. ಹಿಮ್ಮುಖ ಶಿಖರವು ಉಳಿದುಹೋದ ಮೊನಾಕ್ಸೈಡ್ ಉರಿಯುವುದರಿಂದ ಬರುತ್ತದೆ ಎಂಬ ನಂಬಿಕೆಯ ಮೇಲೆ ಈ ಅಳತೆಗೋಲು ನಿಂತಿತ್ತು. ಆದರೆ ಮುಮ್ಮುಖವಾಗಿ ಹೋಗುವಾಗ ಪ್ರವಾಹ ಬೀಳುವುದು ಪ್ಲಾಟಿನಂ ಮೇಲೆ ಆಕ್ಸೈಡ್ ಕವಿಯುವುದರಿಂದ. ಹಿಂದೆ ಬರುವಾಗ ಆ ಆಕ್ಸೈಡ್ ಅಪಕರ್ಷಣಗೊಂಡು ಮೇಲ್ಮೈ ತೆರೆದುಕೊಂಡೊಡನೆ ಹೊಸ ಮೆಥನಾಲ್ ಮತ್ತೆ ಉತ್ಕರ್ಷಣಗೊಳ್ಳುತ್ತದೆ. ಎರಡೂ ಶಿಖರಗಳು ಒಂದೇ ಕ್ರಿಯೆಯವು. ನೀವು ಮೇಲಿನ ವಿಭವದ ಮಿತಿಯನ್ನು ಬದಲಿಸಿದರೆ ಅದೇ ವಸ್ತುವಿನ ಅನುಪಾತವೂ ಬದಲಾಗುತ್ತದೆ ಎಂಬುದನ್ನು ಅರ್ಧ ಗಂಟೆಯಲ್ಲಿ ನೀವೇ ಪರೀಕ್ಷಿಸಿಕೊಳ್ಳಬಹುದು. ಅದರ ಬದಲು ಮೇಲ್ಮೈಗೆ ಮೊನಾಕ್ಸೈಡ್ ಅಂಟಿಸಿ, ದ್ರಾವಣದಲ್ಲಿ ಕರಗಿದ್ದನ್ನು ಆರ್ಗಾನಿನಿಂದ ಓಡಿಸಿ, ಅಂಟಿದ್ದು ಯಾವ ವಿಭವದಲ್ಲಿ ಕಳಚುತ್ತದೆಂದು ನೋಡಿ. ಚದರ ಸೆಂಟಿಮೀಟರಿಗೆ 420 ಮೈಕ್ರೋಕೂಲಂಬ್ ಲೆಕ್ಕದಲ್ಲಿ ಅದರಿಂದಲೇ ಕ್ರಿಯಾಶೀಲ ಮೇಲ್ಮೈಯೂ ಸಿಗುತ್ತದೆ. ಜೊತೆಗೆ, ಕೋಶದಲ್ಲಿ ಆನೋಡ್ ನಿಜವಾಗಿ ಇರಬಹುದಾದ 0.4ರಿಂದ 0.5 ವೋಲ್ಟಿನಲ್ಲಿ ಸ್ಥಿರವಾಗಿ ಹಿಡಿದು ಕೆಲವು ಗಂಟೆ ಪ್ರವಾಹ ದಾಖಲಿಸಿ. ಶಿಖರ ಬರುವ 0.8 ವೋಲ್ಟಿನ ಆಸುಪಾಸಿನಲ್ಲಿ ನಿಮ್ಮ ವಸ್ತು ಎಷ್ಟು ಚುರುಕೆಂಬುದು ಕೋಶಕ್ಕೆ ಬೇಕಿಲ್ಲ.

ಪ್ರಶ್ನೆ: ಇಂಥ ವೇಗವರ್ಧಕ ಬೇಗ ಕೆಡುವುದೇಕೆ? ಗ್ರಾಫೀನ್ ಸವೆಯುವುದಿಲ್ಲ ಎನ್ನುತ್ತಾರಲ್ಲ? (ಎಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಇಂಗಾಲ ನೀರಿನೊಡನೆ ಸೇರಿ ಡೈಆಕ್ಸೈಡ್ ಆಗಲು ಉಷ್ಣಬಲಶಾಸ್ತ್ರದ ಪ್ರಕಾರ 0.207 ವೋಲ್ಟ್ ಸಾಕು. ಅದು ಅತಿ ನಿಧಾನವಾಗಿ ನಡೆಯುವುದೇ ನಮ್ಮ ಅದೃಷ್ಟ. ಗ್ರಾಫೈಟಿನ ಕ್ರಮಬದ್ಧ ಜಾಲ ಮಸಿಗಿಂತ ಹೆಚ್ಚು ತಾಳುತ್ತದೆ ಎಂಬುದು ನಿಜವಾದರೂ, ಅಂಚು ಮತ್ತು ಹಳ್ಳಗಳಿಂದ ತುಂಬಿದ ಅಪಕರ್ಷಿತ ಆಕ್ಸೈಡಿಗೆ ಆ ಭರವಸೆಯನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ಮೆಥನಾಲ್ ಕೋಶದ ಆನೋಡಿನಲ್ಲಿ ಹಾಳೆಗಿಂತ ಮೊದಲು ಸೋಲುವುದು ಸಾಮಾನ್ಯವಾಗಿ ರುಥೇನಿಯಂ. ಕೋಶದ ಯಾವುದೋ ಮೂಲೆಗೆ ಮೆಥನಾಲ್ ಸರಿಯಾಗಿ ತಲುಪದಿದ್ದಾಗ, ಅಥವಾ ಗುಳ್ಳೆಯೊಂದು ದಾರಿಗೆ ಅಡ್ಡ ಕುಳಿತಾಗ, ಅಲ್ಲಿನ ವಿಭವ ಮೇಲೇರಿ ರುಥೇನಿಯಂ ಕರಗತೊಡಗುತ್ತದೆ. ಕರಗಿದ್ದು ದ್ರವದೊಡನೆ ಹೊರಟುಹೋದರೆ ನಷ್ಟ ಒಂದೇ ಕಡೆಯದಾಗುತ್ತಿತ್ತು. ಅದು ಪೊರೆಯನ್ನು ದಾಟಿ ಆಚೆಯ ಕ್ಯಾಥೋಡಿನ ಪ್ಲಾಟಿನಂ ಮೇಲೆ ಕುಳಿತು ಆಕ್ಸಿಜನ್ನಿನ ಕ್ರಿಯೆಯನ್ನೂ ಮಂದಗೊಳಿಸುತ್ತದೆ. ಮೆಥನಾಲ್ ತಾನೂ ಅದೇ ಪೊರೆಯ ಮೂಲಕ ಸೋರಿ ಕ್ಯಾಥೋಡಿನ ವಿಭವವನ್ನು ಕೆಳಗೆಳೆಯುತ್ತಿರುತ್ತದೆ, ಆ ಕಾರಣಕ್ಕೇ ಇಂಧನವನ್ನು ಸಾಮಾನ್ಯವಾಗಿ ಒಂದೆರಡು ಮೋಲಾರಿಗಿಂತ ಗಟ್ಟಿಯಾಗಿ ತುಂಬುವುದಿಲ್ಲ. ಆದ್ದರಿಂದ ಕೋಶವೊಂದು ಕೆಲವು ನೂರು ಗಂಟೆ ಓಡಿ ಸುಸ್ತಾದಾಗ ಆನೋಡನ್ನಷ್ಟೇ ಬಿಚ್ಚಿ ನೋಡಿ ತೀರ್ಮಾನಕ್ಕೆ ಬರಬೇಡಿ. ಕ್ಯಾಥೋಡನ್ನೂ ಎಕ್ಸ್-ಕಿರಣದ ಕೆಳಗಿಟ್ಟು ಅಲ್ಲಿ ರುಥೇನಿಯಂ ಇದೆಯೇ ಎಂದು ಹುಡುಕಿರಿ.